ಸಣ್ಣಗಿದ್ದೇನೆ, ಆದರೂ ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ: ಕಾರಣ ನನ್ನ ದವಡೆಯೇ?

ಪ್ರಶ್ನೆ: ನನಗೆ 36 ವರ್ಷ. ಎತ್ತರ 158 ಸೆಂ.ಮೀ., ತೂಕ 54 ಕೆ.ಜಿ. ಚಿಕ್ಕಂದಿನಿಂದಲೂ ನನ್ನ ಗದ್ದ ಸ್ವಲ್ಪ ಹಿಂದಕ್ಕಿದೆ. 14ನೇ ವಯಸ್ಸಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸುವಾಗ ನಾಲ್ಕು ಹಲ್ಲು ಕೀಳಿಸಿದ್ದರು. ಎರಡು ವರ್ಷದಿಂದ ಬೆಳಿಗ್ಗೆ ಎದ್ದರೆ ತಲೆನೋವು, ಹಗಲೆಲ್ಲ ಸುಸ್ತು. ರಕ್ತ, ಥೈರಾಯ್ಡ್ ಎಲ್ಲ ನೋಡಿಸಿದೆ, ಏನೂ ಸಿಗಲಿಲ್ಲ. ನಾನು ಗೊರಕೆ ಹೊಡೆಯುತ್ತಾ ನಡುನಡುವೆ ಉಸಿರೇ ನಿಲ್ಲಿಸುತ್ತೇನೆ ಎಂದು ನಮ್ಮ ಯಜಮಾನರು ಹೇಳಿದ ಮೇಲೆ ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ) ಮಾಡಿಸಿದೆ. ಗಂಟೆಗೆ 22 ಬಾರಿ ಉಸಿರಿಗೆ ತಡೆ ಬರುತ್ತದಂತೆ. ಅಂಗಾತ ಮಲಗಿದಾಗ 41, ಮಗ್ಗುಲಾದಾಗ 9. ಆಮ್ಲಜನಕ 84%ವರೆಗೆ ಇಳಿದಿದೆ. ಒಬ್ಬ ವೈದ್ಯರು ಸಿಪಾಪ್ ಯಂತ್ರ (ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವುದು) ಎಂದರು. ದಂತವೈದ್ಯರು ಬಾಯಿಗೆ ಹಾಕುವ ಸಾಧನ ಎಂದರು. ಹಲ್ಲು ಕೀಳಿಸಿದ್ದರಿಂದಲೇ ಹೀಗಾಗಿದೆ, ದವಡೆ ಆಪರೇಷನ್ ಒಂದೇ ದಾರಿ ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ನನ್ನ ಮುಖದ ರಚನೆಯಲ್ಲೇ ತಪ್ಪಿದೆಯೇ? ನನ್ನ ಏಳು ವರ್ಷದ ಮಗನಿಗೂ ಇದೇ ಗದ್ದ, ಅವನೂ ಬಾಯಿ ತೆರೆದು ಮಲಗುತ್ತಾನೆ. ಅವನಿಗೂ ಇದು ಬರುತ್ತದೆಯೇ?

ಉತ್ತರ:

ನಿಮ್ಮ ಪತ್ರದಲ್ಲಿ ಒಂದಲ್ಲ, ಮೂರು ಪ್ರಶ್ನೆಗಳಿವೆ. ಸಣ್ಣಗಿರುವ ನನಗೆ ಇದು ಹೇಗೆ ಬಂತು? ಅಂದು ಕಿತ್ತ ಹಲ್ಲುಗಳು ಇದಕ್ಕೆ ಕಾರಣವೇ? ಈಗ ಯಾರ ಮಾತು ಕೇಳಲಿ? ಇವುಗಳ ಹಿಂದೆ ಮಗನ ಬಗ್ಗೆ ಒಂದು ಭಯವೂ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಅವನ ವಿಷಯ ನಿಮ್ಮದಕ್ಕಿಂತ ಬೇರೆ.

ಮೊದಲು ನಿಮ್ಮ ವರದಿ. ನಿದ್ದೆಯಲ್ಲಿ ಹೀಗೆ ಮತ್ತೆ ಮತ್ತೆ ಉಸಿರು ಕಟ್ಟುವ ಕಾಯಿಲೆಗೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ಪೂರ್ತಿ ನಿಂತರೆ ಅಥವಾ ಗಣನೀಯವಾಗಿ ಕಡಿಮೆಯಾದರೆ ಅದನ್ನು ಒಂದು ತಡೆ ಎಂದು ಎಣಿಸುತ್ತೇವೆ. ದೊಡ್ಡವರಲ್ಲಿ ಗಂಟೆಗೆ 5ರಿಂದ 15 ಬಂದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನಿಮ್ಮದು 22. ಅಂದರೆ ಮಧ್ಯಮ. ಆದರೆ ಈ 22 ಎನ್ನುವುದು ಒಂದು ಸರಾಸರಿ, ಅಷ್ಟೆ. ಅಂಗಾತ ಮಲಗಿದಾಗ ನೀವು ತೀವ್ರ ರೋಗಿ, ಮಗ್ಗುಲಾದಾಗ ಸೌಮ್ಯ ರೋಗಿ. ಒಂದೇ ಗಂಟಲು, ಒಂದೇ ರಾತ್ರಿ, ಎರಡು ಬೇರೆ ಕಾಯಿಲೆಗಳ ಹಾಗೆ. ಈ ವ್ಯತ್ಯಾಸವೇ ನಿಮ್ಮ ವರದಿಯಲ್ಲಿ ಅತಿ ಬೆಲೆಬಾಳುವ ಮಾಹಿತಿ. ನಿಮಗೆ ಸಲಹೆ ಕೊಟ್ಟವರಲ್ಲಿ ಯಾರೂ ಅದರ ಮಾತೆತ್ತಿಲ್ಲ ಅನ್ನಿಸುತ್ತದೆ.

ಸಣ್ಣಗಿರುವವರಿಗೆ ಸ್ಲೀಪ್ ಅಪ್ನಿಯಾ ಬರುವುದಿಲ್ಲ ಎನ್ನುವುದು ಸುಳ್ಳು. ದಪ್ಪಗಿರುವವರಿಗೆ ಜಾಸ್ತಿ ಬರುತ್ತದೆ, ನಿಜ. ಆದರೆ ನನ್ನ ಹತ್ತಿರ ಬರುವವರಲ್ಲಿ ಸಪೂರ ಇರುವವರೂ ಸಾಕಷ್ಟಿದ್ದಾರೆ. ಚೀನೀ ಮೂಲದ ರೋಗಿಗಳನ್ನು ಬಿಳಿಯರ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಲ್ಲೂ ಇದೇ ಕಂಡಿದೆ. ಅಷ್ಟೇ ತೀವ್ರತೆಯ ಕಾಯಿಲೆ ಅವರಿಗೆ ಕಡಿಮೆ ತೂಕದಲ್ಲೇ ಬರುತ್ತದೆ, ಅದಕ್ಕೆ ಮುಖದ ಮೂಳೆಗಳ ಅಳತೆ ಒಂದು ಕಾರಣ. ಹೆಂಗಸರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರು ಜೋರು ಗೊರಕೆ ಎಂದು ಬರುವುದಿಲ್ಲ. ಸುಸ್ತು, ತಲೆನೋವು, ನಿದ್ದೆ ಸರಿಯಿಲ್ಲ ಎಂದು ಬರುತ್ತಾರೆ. ಹಾಗಾಗಿ ವರ್ಷಗಟ್ಟಲೆ ಬೇರೆ ಬೇರೆ ಪರೀಕ್ಷೆ ನಡೆಯುತ್ತದೆ. ನಿಮಗೂ ಆಗಿದ್ದು ಅದೇ.

ಮೂಳೆ ಇಲ್ಲದ ಆ ಒಂದು ತುಂಡು ದಾರಿ

ಗಾಳಿ ಒಳಗೆ ಹೋಗುವ ದಾರಿಯನ್ನು ಒಮ್ಮೆ ನೆನೆಸಿಕೊಳ್ಳಿ. ಮೂಗಿನಲ್ಲಿ ಮೂಳೆ, ಮೃದ್ವಸ್ಥಿಗಳ ಗೋಡೆ. ಕೆಳಗೆ ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳಕ್ಕೂ ಮೃದ್ವಸ್ಥಿಯ ಆಸರೆ ಇದೆ. ಇವೆರಡರ ನಡುವೆ, ಗಟ್ಟಿ ಅಂಗುಳ ಮುಗಿದ ಜಾಗದಿಂದ ಧ್ವನಿಪೆಟ್ಟಿಗೆಯವರೆಗೆ, ಒಂದು ತುಂಡು ದಾರಿ ಬರೀ ಮಾಂಸದ್ದು. ಅದನ್ನು ತೆರೆದಿಡಲು ಒಳಗೆ ಯಾವ ಗಟ್ಟಿ ಬಳೆಯೂ ಇಲ್ಲ. ಇಲ್ಲಿ ಗಟ್ಟಿ ಕೊಳವೆ ಇದ್ದಿದ್ದರೆ ನಾವು ನುಂಗಲಾಗುತ್ತಿರಲಿಲ್ಲ, ಮಾತಾಡಲಾಗುತ್ತಿರಲಿಲ್ಲ. ಉಸಿರು, ಊಟ, ಮಾತು ಮೂರಕ್ಕೂ ಒಂದೇ ಓಣಿ. ಆ ಅನುಕೂಲದ ಬೆಲೆಯನ್ನು ಕೆಲವರು ರಾತ್ರಿ ಹೊತ್ತು ತೆರುತ್ತಾರೆ.

ಈ ಓಣಿ ಎಷ್ಟು ಅಗಲ ಎನ್ನುವುದನ್ನು ಎರಡು ಸಂಗತಿ ನಿರ್ಧರಿಸುತ್ತವೆ. ಸುತ್ತಲಿನ ಮೂಳೆಯ ಪೆಟ್ಟಿಗೆ ಎಷ್ಟು ದೊಡ್ಡದು? ಅದರೊಳಗೆ ತುಂಬಿರುವ ಸಾಮಾನು ಎಷ್ಟು? ದಪ್ಪಗಿರುವವರಲ್ಲಿ ಪೆಟ್ಟಿಗೆ ಸರಿಯಾಗೇ ಇರಬಹುದು, ಆದರೆ ಸಾಮಾನು ಜಾಸ್ತಿ. ನಾಲಿಗೆಯ ಒಳಗೂ ಕೊಬ್ಬು ಸೇರುತ್ತದೆ, ಗಂಟಲಿನ ಅಕ್ಕಪಕ್ಕದ ಗೋಡೆಗಳು ದಪ್ಪವಾಗುತ್ತವೆ. ನಿಮ್ಮಲ್ಲಿ ಸಾಮಾನು ಹೆಚ್ಚಿಲ್ಲ. ಪೆಟ್ಟಿಗೆಯೇ ಚಿಕ್ಕದು. ಎರಡರಲ್ಲೂ ಕೊನೆಗೆ ಉಳಿಯುವುದು ಕಿರಿದಾದ ಓಣಿ.

ಪೆಟ್ಟಿಗೆಯಲ್ಲಿ ಕೆಳದವಡೆಯದು ಮುಖ್ಯ ಪಾತ್ರ. ನಾಲಿಗೆ ಬಾಯಲ್ಲಿ ಸುಮ್ನೆ ಬಿದ್ದುಕೊಂಡಿರುವ ಮಾಂಸವಲ್ಲ. ಅದರ ಅತಿ ದೊಡ್ಡ ಸ್ನಾಯುವಿನ ಬೇರು ಗದ್ದದ ಒಳಭಾಗದ ಮೂಳೆಗೆ ಅಂಟಿದೆ. ಗದ್ದ ಹಿಂದಿದ್ದರೆ ಆ ಬೇರೂ ಹಿಂದಿರುತ್ತದೆ, ನಾಲಿಗೆಯ ಬುಡ ಗಂಟಲಿನ ಹಿಂಗೋಡೆಗೆ ಅಷ್ಟು ಹತ್ತಿರವಾಗುತ್ತದೆ. ಮೇಲ್ದವಡೆ ಕಿರಿದಾಗಿ ಅಂಗುಳ ಗೋಪುರದ ಹಾಗೆ ಮೇಲೆದ್ದಿದ್ದರೆ ನಾಲಿಗೆಗೆ ಮೇಲೆ ಕೂರಲು ಜಾಗ ಸಾಲದು, ಅದು ಹಿಂದಕ್ಕೆ ಸರಿಯುತ್ತದೆ. ಆ ಅಂಗುಳವೇ ಮೂಗಿನ ನೆಲ ಕೂಡ. ಹಾಗಾಗಿ ಮೂಗೂ ಇಕ್ಕಟ್ಟಾಗುತ್ತದೆ.

ಇನ್ನು ಹಯಾಯ್ಡ್ ಎಂಬ ಪುಟ್ಟ ಮೂಳೆ. ಗದ್ದಕ್ಕೂ ಧ್ವನಿಪೆಟ್ಟಿಗೆಗೂ ನಡುವೆ ಕುದುರೆ ಲಾಳದ ಆಕಾರದಲ್ಲಿ ಇರುತ್ತದೆ. ದೇಹದ ಬೇರೆ ಯಾವ ಮೂಳೆಯ ಜೊತೆಗೂ ಅದಕ್ಕೆ ಕೀಲಿಲ್ಲ, ಸ್ನಾಯು ಮತ್ತು ತಂತುಗಳಲ್ಲೇ ತೂಗುತ್ತದೆ. ಸ್ಲೀಪ್ ಅಪ್ನಿಯಾ ಇರುವ ಎಷ್ಟೋ ಜನರ ಎಕ್ಸ್-ರೇಯಲ್ಲಿ ಇದು ಇರಬೇಕಾದ್ದಕ್ಕಿಂತ ಕೆಳಗೆ ಕಾಣುತ್ತದೆ. ಅಂದರೆ ನಾಲಿಗೆಯ ಬುಡವೂ ಕೆಳಗಿಳಿದಿದೆ, ಮೆದು ಓಣಿ ಉದ್ದವಾಗಿದೆ. ಉದ್ದ ಮೆದು ಕೊಳವೆ ಗಿಡ್ಡದ್ದಕ್ಕಿಂತ ಬೇಗ ಕುಸಿಯುತ್ತದೆ.

ಓಣಿಯ ಆಕಾರವೂ ಲೆಕ್ಕಕ್ಕೆ ಬರುತ್ತದೆ. ಆರೋಗ್ಯವಂತರಲ್ಲಿ ಅದು ಎಡಬಲಕ್ಕೆ ಅಗಲವಾದ ಮೊಟ್ಟೆಯಾಕಾರ. ಈ ಕಾಯಿಲೆ ಇರುವವರಲ್ಲಿ ಅಕ್ಕಪಕ್ಕದ ಗೋಡೆಗಳು ಒಳಕ್ಕೆ ಒತ್ತಿ, ಹೆಚ್ಚಾಗಿ ಎಡಬಲದಲ್ಲೇ ಕಿರಿದಾಗಿರುತ್ತದೆ. ನಾಲಿಗೆ ಹಿಂದಕ್ಕೆ ಬಿದ್ದು ದಾರಿ ಮುಚ್ಚುತ್ತದೆ ಎನ್ನುವ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ಅದು ಅರ್ಧ ಸತ್ಯ. ಮುಂದಿನಿಂದ ನಾಲಿಗೆ, ಮೇಲಿನಿಂದ ಮೆದು ಅಂಗುಳ ಮತ್ತು ಕಿರುನಾಲಿಗೆ, ಪಕ್ಕಗಳಿಂದ ಗೋಡೆಗಳು. ಯಾರಲ್ಲಿ ಯಾವುದು ಮೊದಲು ಕುಸಿಯುತ್ತದೆ ಎನ್ನುವುದರ ಮೇಲೆ ಚಿಕಿತ್ಸೆಯ ಆಯ್ಕೆ ನಿಂತಿದೆ.

ಹಗಲು ಏಕೆ ಏನೂ ಆಗುವುದಿಲ್ಲ?

ಮುಖವೇ ಕಾಯಿಲೆಯಾಗಿದ್ದರೆ ನೀವು ಹಗಲೂ ಉಸಿರು ಕಟ್ಟಿ ಒದ್ದಾಡಬೇಕಿತ್ತು, ಅಲ್ವಾ? ಹಾಗಾಗುವುದಿಲ್ಲ. ಎಚ್ಚರವಿರುವಾಗ ಮಿದುಳು ನಿಮ್ಮ ಇಕ್ಕಟ್ಟಾದ ಓಣಿಗೆ ಕಾವಲು ಕಾಯುತ್ತಿರುತ್ತದೆ. ನಾಲಿಗೆಯ ಸ್ನಾಯುವನ್ನು ಮಾಮೂಲಿಗಿಂತ ಹೆಚ್ಚು ಬಿಗಿಹಿಡಿದು ಮುಂದಕ್ಕೆ ಎಳೆದಿಟ್ಟಿರುತ್ತದೆ. ಅಪ್ನಿಯಾ ಇರುವವರಲ್ಲಿ ಈ ಸ್ನಾಯು ಹಗಲು ಹೆಚ್ಚುವರಿ ದುಡಿಮೆ ಮಾಡುತ್ತದೆ ಎಂದು ಅಳೆದು ನೋಡಿದ್ದಾರೆ. ನಿದ್ದೆ ಹತ್ತುತ್ತಿದ್ದಂತೆ ಆ ಕಾವಲು ಸಡಿಲವಾಗುತ್ತದೆ. ಕನಸಿನ ನಿದ್ದೆಯಲ್ಲಂತೂ ಇನ್ನೂ ಸಡಿಲ. ಅಂಗಾತ ಮಲಗಿದ್ದರೆ ನಾಲಿಗೆ, ಅಂಗುಳ ಎರಡನ್ನೂ ಭೂಮಿಯ ಸೆಳೆತ ಹಿಂದಕ್ಕೆ ಎಳೆಯುತ್ತದೆ. ನಿಮ್ಮ 41ಕ್ಕೂ 9ಕ್ಕೂ ಇರುವ ವ್ಯತ್ಯಾಸ ಇದೇ.

ಓಣಿ ಎಷ್ಟು ಸುಲಭವಾಗಿ ಮುಚ್ಚುತ್ತದೆ ಎನ್ನುವುದನ್ನು ಗಾಳಿಯ ಒತ್ತಡದಲ್ಲಿ ಅಳೆಯುತ್ತಾರೆ. ಆರೋಗ್ಯವಂತರು ಮಲಗಿರುವಾಗ ಗಂಟಲು ಕುಸಿಯಬೇಕಾದರೆ ಒಳಗಿನಿಂದ 10 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡಕ್ಕಿಂತ ಜಾಸ್ತಿ ಬಲದಲ್ಲಿ ಹೀರಬೇಕು. ಗಂಟಲು ಪೂರ್ತಿ ಮುಚ್ಚಿಕೊಳ್ಳುವ ರೋಗಿಗಳಲ್ಲಿ ಹೀರುವುದೇ ಬೇಡ. ಹೊರಗಿನ ಗಾಳಿಯಷ್ಟೇ ಒತ್ತಡ ಒಳಗಿದ್ದರೂ ದಾರಿ ಮುಚ್ಚಿಕೊಳ್ಳುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೂಳೆಯ ರಚನೆ ಒಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಕೆಲವರ ಸ್ನಾಯು ನಿದ್ದೆಯಲ್ಲೂ ಚುರುಕಾಗಿ ಸ್ಪಂದಿಸುತ್ತದೆ, ಕೆಲವರದ್ದು ಇಲ್ಲ. ಕೆಲವರು ಸಣ್ಣ ತಡೆಗೇ ಎಚ್ಚರವಾಗುತ್ತಾರೆ. ಕೆಲವರ ಮಿದುಳು ಉಸಿರಿನ ಏರಿಳಿತಕ್ಕೆ ಅತಿಯಾಗಿ ಪ್ರತಿಕ್ರಿಯಿಸುತ್ತದೆ. ನಿಮ್ಮಂತೆಯೇ ಗದ್ದ ಇದ್ದೂ ಹಾಯಾಗಿ ಮಲಗುವ ಎಷ್ಟೋ ಜನರಿದ್ದಾರೆ. ಹಾಗಾಗಿ ಕನ್ನಡಿ ನೋಡಿಕೊಂಡು "ನನ್ನ ಮುಖದಲ್ಲೇ ತಪ್ಪಿದೆ" ಎಂದುಕೊಳ್ಳಬೇಡಿ. ನಿಮ್ಮ ಮುಖ ಓಣಿಯನ್ನು ಕಿರಿದು ಮಾಡಿದೆ. ಮುಚ್ಚುವುದು ನಿದ್ದೆ.

ಕಿತ್ತ ಹಲ್ಲು, ನಾಲಿಗೆಯ ಕಸರತ್ತು, ಬಾಯಿಗೆ ಪಟ್ಟಿ

ನಾಲ್ಕು ಹಲ್ಲು ತೆಗೆದರೆ ದವಡೆ ಕುಗ್ಗಿ ಉಸಿರಿನ ದಾರಿ ಹಾಳಾಗುತ್ತದೆ ಎನ್ನುವ ವಾದ ಕೇಳಲು ಸರಿಯೆನಿಸುತ್ತದೆ. ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು ಐದೂವರೆ ಸಾವಿರ ಜನರ ದಾಖಲೆಗಳನ್ನು ತೆಗೆದುಕೊಂಡರು. ಅರ್ಧ ಜನರಿಗೆ ಮೇಲೆ ಕೆಳಗೆ ಎರಡೂ ಬದಿಯಲ್ಲಿ ಒಂದೊಂದರಂತೆ ನಾಲ್ಕು ಕಿರುದವಡೆ ಹಲ್ಲು (ಕೋರೆಹಲ್ಲಿನ ಹಿಂದಿನವು) ಇರಲಿಲ್ಲ, ಉಳಿದರ್ಧ ಜನರಿಗೆ ಇದ್ದವು. ಹಲ್ಲು ಇಲ್ಲದವರಲ್ಲಿ ಸುಮಾರು 10.7% ಜನರಿಗೆ ಅಪ್ನಿಯಾ ಪತ್ತೆಯಾಗಿತ್ತು, ಇದ್ದವರಲ್ಲಿ 9.6%. ಅಂದರೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಿಲ್ಲ. ನಿಮ್ಮ ಗದ್ದ ಹಲ್ಲು ಕೀಳಿಸುವ ಮೊದಲೂ ಹಿಂದೆಯೇ ಇತ್ತು ಎಂದು ನೀವೇ ಬರೆದಿದ್ದೀರಿ. ಜಾಗ ಸಾಲದ್ದರಿಂದಲೇ ಹಲ್ಲು ತೆಗೆದಿರಬೇಕು. ಅಂದು ಕರೆದೊಯ್ದ ಅಪ್ಪ ಅಮ್ಮನನ್ನಾಗಲಿ, ಆ ದಂತವೈದ್ಯರನ್ನಾಗಲಿ ಇಂದು ದೂರುವುದರಲ್ಲಿ ಅರ್ಥವಿಲ್ಲ.

ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದರೆ ದವಡೆ ಮುಂದೆ ಬರುತ್ತದೆ ಎನ್ನುವ ವಿಡಿಯೋಗಳಿಗೆ ಬರೋಣ. 36ರ ವಯಸ್ಸಿನ ದವಡೆ ನಾಲಿಗೆ ಒತ್ತಿದ್ದಕ್ಕೆ ಸರಿಯುವುದಿಲ್ಲ. ಹಾಗೆಂದು ಬಾಯಿ-ಗಂಟಲಿನ ವ್ಯಾಯಾಮಗಳೆಲ್ಲ ಸುಳ್ಳು ಎಂದೂ ಹೇಳುವಂತಿಲ್ಲ. ತರಬೇತಿ ಪಡೆದ ತಜ್ಞರ ಬಳಿ ತಿಂಗಳುಗಟ್ಟಲೆ ಕಲಿತು ಮಾಡಿದವರಲ್ಲಿ ತಡೆಗಳ ಸಂಖ್ಯೆ ಇಳಿದ ಉದಾಹರಣೆಗಳಿವೆ. ಅದು ಸ್ನಾಯುವಿನ ಬಲದಿಂದ ಬಂದ ಲಾಭ, ಮೂಳೆ ಬದಲಾಗಿದ್ದರಿಂದಲ್ಲ. ಬೇರೆ ಚಿಕಿತ್ಸೆಯ ಜೊತೆಗೆ ಮಾಡಿದರೆ ತೊಂದರೆಯಿಲ್ಲ. ಅದೊಂದನ್ನೇ ನಂಬಿ ಕೂರಬೇಡಿ.

ರಾತ್ರಿ ಬಾಯಿಗೆ ಪಟ್ಟಿ ಅಂಟಿಸುವುದು ಬೇಡ. ಮೂಗಿನಲ್ಲಿ ದಾರಿ ಸಾಲದೆ ಬಾಯಿ ತೆರೆಯುವವರಿಗೆ ಉಳಿದ ಒಂದು ಬಾಗಿಲನ್ನೂ ಮುಚ್ಚಿದ ಹಾಗೆ ಆಗುತ್ತದೆ.

ಎಲ್ಲಿ ಮುಚ್ಚುತ್ತದೆ ಎಂದು ಮೊದಲು ನೋಡಬೇಕು

ನಿಮ್ಮ ಪತ್ರದಲ್ಲಿ ನನಗೆ ಕಾಣದ ಸಂಗತಿ ಒಂದಿದೆ. ನಿಮ್ಮ ಮೂಗು, ಗಂಟಲನ್ನು ಯಾರಾದರೂ ಕೂತು ನೋಡಿದರೇ? ಸ್ಲೀಪ್ ಸ್ಟಡಿ ಉಸಿರು ಎಷ್ಟು ಸಲ ನಿಂತಿತು ಎಂದು ಹೇಳುತ್ತದೆ. ಎಲ್ಲಿ ನಿಂತಿತು ಎಂದು ಹೇಳುವುದಿಲ್ಲ.

ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಡ. ಬಾಯಿ ಪೂರ್ತಿ ತೆರೆದು ನಾಲಿಗೆ ಹೊರಚಾಚಿದಾಗ ಕಿರುನಾಲಿಗೆ ಎಷ್ಟು ಕಾಣುತ್ತದೆ ಎಂದು ನೋಡುತ್ತೇವೆ. ಇದಕ್ಕೆ ಮಲ್ಲಂಪಾಟಿ ದರ್ಜೆ ಎನ್ನುತ್ತಾರೆ. ಅರಿವಳಿಕೆ ತಜ್ಞ ಶೇಷಗಿರಿ ಮಲ್ಲಂಪಾಟಿ 1985ರಲ್ಲಿ ಇದನ್ನು ವಿವರಿಸಿದ್ದು ಬೇರೆ ಉದ್ದೇಶಕ್ಕೆ. ಆಪರೇಷನ್ ಹೊತ್ತಿನಲ್ಲಿ ಯಾರ ಗಂಟಲಿಗೆ ಕೊಳವೆ ಇಳಿಸುವುದು ಕಷ್ಟವಾಗಬಹುದು ಎಂದು ಮೊದಲೇ ಊಹಿಸಲು. ಕೊಳವೆ ಇಳಿಸಲು ಕಷ್ಟವಾದ ಗಂಟಲೇ ರಾತ್ರಿ ಮುಚ್ಚುವ ಗಂಟಲೂ ಆಗಿರುವುದು ಹೆಚ್ಚು, ಹಾಗಾಗಿ ನಾವೂ ಅದನ್ನು ಎರವಲು ತಂದುಕೊಂಡೆವು. ಟಾನ್ಸಿಲ್ ಎಷ್ಟು ದೊಡ್ಡದು, ಅಂಗುಳ ಎಷ್ಟು ಎತ್ತರ, ಮೇಲಿನ ಹಲ್ಲಿಗಿಂತ ಕೆಳಗಿನ ಹಲ್ಲು ಎಷ್ಟು ಹಿಂದಿದೆ, ಮೂಗಿನ ನಡುಗೋಡೆ ಡೊಂಕಾಗಿದೆಯೇ, ಇವೆಲ್ಲ ಅದೇ ಐದು ನಿಮಿಷದಲ್ಲಿ ಗೊತ್ತಾಗುತ್ತವೆ. ಆಮೇಲೆ ಮೂಗಿನ ಮೂಲಕ ತೆಳು ದುರ್ಬೀನು ಇಳಿಸಿ ನಾಲಿಗೆಯ ಬುಡದವರೆಗೆ ನೋಡುತ್ತೇವೆ.

ಪಕ್ಕದಿಂದ ತೆಗೆದ ತಲೆಯ ಎಕ್ಸ್-ರೇ ದವಡೆಗಳ ಅಳತೆ ಕೊಡುತ್ತದೆ. ದವಡೆ ಆಪರೇಷನ್ ಯೋಜಿಸಲು ಅದು ಬೇಕೇ ಬೇಕು. ಆದರೆ ಅದು ಎಚ್ಚರವಿರುವಾಗ, ನಿಂತೋ ಕೂತೋ ತೆಗೆದ ಚಿತ್ರ. ಅದರಲ್ಲಿ ಓಣಿಯನ್ನು ಅಳೆದು "ಇಷ್ಟೇ ಮಿಲಿಮೀಟರ್ ಇದೆ, ಆದ್ದರಿಂದ ಅಪ್ನಿಯಾ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಲಗಿದಾಗಿನ ಗಂಟಲು ನೋಡಬೇಕಾದರೆ ಔಷಧಿ ಕೊಟ್ಟು ನಿದ್ದೆ ಬರಿಸಿ ದುರ್ಬೀನು ಇಳಿಸಬೇಕು. ಅಂಗುಳವೋ, ಪಕ್ಕದ ಗೋಡೆಯೋ, ನಾಲಿಗೆಯೋ ಎಂದು ಕಣ್ಣಾರೆ ಕಾಣುತ್ತದೆ. ಅದೇ ಹೊತ್ತಿನಲ್ಲಿ ಕೆಳದವಡೆಯನ್ನು ಮೆಲ್ಲಗೆ ಮುಂದೆ ಎತ್ತಿ ಹಿಡಿದು ನೋಡಬಹುದು. ದಾರಿ ತೆರೆದರೆ ಬಾಯಿಯ ಸಾಧನಕ್ಕೆ ಅದೊಂದು ಒಳ್ಳೆಯ ಸೂಚನೆ. ಎಲ್ಲರಿಗೂ ಈ ಪರೀಕ್ಷೆ ಬೇಕಿಲ್ಲ. ಆಪರೇಷನ್ ಮಾತು ಬಂದರೆ ಇದಿಲ್ಲದೆ ಮುಂದುವರಿಯಬೇಡಿ.

ಇಷ್ಟು ಒತ್ತಿ ಹೇಳಲು ನನ್ನದೇ ಒಂದು ತಪ್ಪು ಕಾರಣ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬರಿಗೆ ಅಂಗುಳದ ಆಪರೇಷನ್ ಮಾಡಿದೆ. ಗೊರಕೆ ನಿಂತಿತು. ಮನೆಯವರು ಸಂತೋಷಪಟ್ಟರು, ನಾನೂ ಬೀಗಿದೆ. ಆರು ತಿಂಗಳ ಮೇಲೆ ಮತ್ತೆ ಸ್ಲೀಪ್ ಸ್ಟಡಿ ಮಾಡಿದರೆ ಉಸಿರಿನ ತಡೆಗಳು ಹೆಚ್ಚು ಕಡಿಮೆ ಅಷ್ಟೇ ಇದ್ದವು. ಮುಚ್ಚುತ್ತಿದ್ದುದು ನಾಲಿಗೆಯ ಬುಡದಲ್ಲಿ. ಸದ್ದು ಮಾಡುತ್ತಿದ್ದ ಅಂಗುಳವನ್ನು ನಾನು ಕತ್ತರಿಸಿದ್ದೆ, ಅಷ್ಟೇ. ಮೊದಲು ಗೊರಕೆಯಾದರೂ ಎಚ್ಚರಿಕೆ ಕೊಡುತ್ತಿತ್ತು. ಈಗ ಅದೂ ಇಲ್ಲ.

ನಿಮ್ಮ ಮುಂದಿರುವ ದಾರಿಗಳು

ಸಿಪಾಪ್ ಹೇಳಿದವರೂ ತಪ್ಪು ಹೇಳಿಲ್ಲ, ಬಾಯಿಯ ಸಾಧನ ಹೇಳಿದವರೂ ತಪ್ಪು ಹೇಳಿಲ್ಲ. ಇಬ್ಬರ ಮಾತೂ ನಿಮಗೆ ಅನ್ವಯಿಸುತ್ತದೆ.

ಸಿಪಾಪ್ ಯಂತ್ರ ಗಂಟಲಿನೊಳಗೆ ಗಾಳಿಯ ಒತ್ತಡವಿಟ್ಟು ಓಣಿಯನ್ನು ಒಳಗಿನಿಂದ ಉಬ್ಬಿಸಿ ಹಿಡಿಯುತ್ತದೆ. ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಅದಕ್ಕೆ ಎಲ್ಲಿ ಮುಚ್ಚುತ್ತದೆ ಎಂದು ತಿಳಿಯಬೇಕಾಗಿಲ್ಲ. ಎಲ್ಲಿ ಮುಚ್ಚಿದರೂ ತೆರೆಯುತ್ತದೆ. ಹಾಕಿಕೊಂಡ ರಾತ್ರಿ ಅದರಷ್ಟು ಚೆನ್ನಾಗಿ ಕೆಲಸ ಮಾಡುವುದು ಬೇರೊಂದಿಲ್ಲ. ಕಷ್ಟವಿರುವುದು ಹಾಕಿಕೊಳ್ಳುವುದರಲ್ಲೇ. ಮೂಗು ಒಣಗುವುದು, ಮಾಸ್ಕ್ ಸೋರುವುದು, ಮುಖದ ಮೇಲೆ ಗುರುತು, ಏನೋ ಕಟ್ಟಿಹಾಕಿದ ಹಾಗನ್ನಿಸುವುದು. ಚಿಕ್ಕ ಮುಖದವರಿಗೆ ಇನ್ನೊಂದು ತೊಂದರೆ. ಬಾಯಿ ಮೂಗು ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಗದ್ದವನ್ನು ಹಿಂದಕ್ಕೆ ಒತ್ತಬಹುದು. ನಿಮ್ಮ ಗದ್ದಕ್ಕೆ ಅದೇ ಬೇಡದ್ದು. ಮೂಗಿಗೆ ಮಾತ್ರ ಕೂರುವ ಮಾಸ್ಕ್ ಕೇಳಿ. ಮೂಗು ಕಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಿ. ಮೂಗಿನ ಆಪರೇಷನ್ ಒಂದರಿಂದಲೇ ಅಪ್ನಿಯಾ ಹೋಗುವುದು ಅಪರೂಪ. ಆದರೆ ಮಾಸ್ಕನ್ನು ಮೂಲೆಗೆ ಎಸೆದವರು, ಮೂಗು ಸರಿಯಾದ ಮೇಲೆ ರಾತ್ರಿಯಿಡೀ ಹಾಕಿಕೊಂಡಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಬಾಯಿಯ ಸಾಧನ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಕೂರುವ ಎರಡು ಅಚ್ಚು. ಕೆಳದವಡೆಯನ್ನು ರಾತ್ರಿ ಕೆಲವು ಮಿಲಿಮೀಟರ್ ಮುಂದಕ್ಕೆ ಹಿಡಿದಿಡುತ್ತದೆ. ದವಡೆ ಬಂದರೆ ನಾಲಿಗೆಯ ಬೇರೂ ಬರುತ್ತದೆ. ಪಕ್ಕದ ಗೋಡೆಗಳೂ ಹಿಗ್ಗಿ ಓಣಿ ಎಡಬಲಕ್ಕೆ ಅಗಲವಾಗುತ್ತದೆ. ಸ್ಥೂಲವಾಗಿ ಮೂವರಲ್ಲಿ ಒಬ್ಬರಿಗೆ ಕಾಯಿಲೆ ಪೂರ್ತಿ ಹತೋಟಿಗೆ ಬರುತ್ತದೆ, ಒಬ್ಬರಿಗೆ ಅರ್ಧಂಬರ್ಧ, ಒಬ್ಬರಿಗೆ ಹೆಚ್ಚೇನೂ ಆಗುವುದಿಲ್ಲ. ಆ ಮೊದಲನೆಯವರು ಸಾಮಾನ್ಯವಾಗಿ ಯಾರು? ಸಪೂರ ಇರುವವರು, ಹೆಂಗಸರು, ಕೆಳದವಡೆ ಹಿಂದಿರುವವರು, ಅಂಗಾತ ಮಲಗಿದಾಗ ಮಾತ್ರ ಜಾಸ್ತಿ ತೊಂದರೆ ಇರುವವರು. ಓದುತ್ತಾ ನಿಮ್ಮ ವಿವರವೇ ಕಾಣುತ್ತಿದೆ, ಅಲ್ವಾ?

ಅಪಾಯಗಳೂ ಇವೆ. ಮೊದಮೊದಲು ಜೊಲ್ಲು, ಬೆಳಿಗ್ಗೆ ಕಿವಿಯ ಮುಂದಿನ ಕೀಲಿನಲ್ಲಿ ನೋವು. ಇವು ಹೆಚ್ಚಾಗಿ ಕಡಿಮೆಯಾಗುತ್ತವೆ. ವರ್ಷಗಳು ಉರುಳಿದಂತೆ ಹಲ್ಲುಗಳು ಸ್ವಲ್ಪ ಸರಿದು ಕಚ್ಚುವ ರೀತಿ ಬದಲಾಗಬಹುದು, ಅದು ವಾಪಸ್ ಬರದಿರಬಹುದು. ಹಲ್ಲು, ವಸಡು ಗಟ್ಟಿಯಿರಬೇಕು. ಬಿಸಿನೀರಲ್ಲಿ ಮೆದುಮಾಡಿ ಕಚ್ಚಿ ಅಚ್ಚು ಮಾಡಿಕೊಳ್ಳುವ ಸಿದ್ಧ ಸಾಧನಗಳನ್ನು ಕೊಳ್ಳಬೇಡಿ. ನಿಮ್ಮ ಹಲ್ಲಿನ ಅಚ್ಚು ತೆಗೆದು ಮಾಡಿದ, ಮುಂದಕ್ಕೆ ಸರಿಸಿ ಹೊಂದಿಸಲು ಬರುವ ಸಾಧನವೇ ಬೇಕು. ಮುಖ್ಯವಾದದ್ದು ಇನ್ನೊಂದು: ಅದನ್ನು ಹಾಕಿಕೊಂಡೇ ಮತ್ತೊಮ್ಮೆ ಸ್ಲೀಪ್ ಸ್ಟಡಿ ಆಗಬೇಕು. ಗೊರಕೆ ನಿಂತಿತು ಎನ್ನುವುದು ಸಾಕ್ಷಿಯಲ್ಲ. ನನ್ನ ಆ ಅಂಗುಳದ ರೋಗಿಯನ್ನು ನೆನಪಿಟ್ಟುಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಇವತ್ತಿನಿಂದಲೇ ಮಗ್ಗುಲಾಗಿ ಮಲಗುವುದು. ಬೆನ್ನ ಹಿಂದೆ ದಿಂಬು ಇಡಿ, ಅಥವಾ ಅಂಗಾತ ಆದೊಡನೆ ಮೆಲ್ಲಗೆ ಕಂಪಿಸುವ ಪುಟ್ಟ ಸಾಧನಗಳು ಸಿಗುತ್ತವೆ, ಅದನ್ನು ಬಳಸಿ. ಆದರೆ ಮಗ್ಗುಲಲ್ಲೂ ಗಂಟೆಗೆ 9 ಇದೆ, ಹಾಗಾಗಿ ಇದೊಂದೇ ಸಾಲದು. ಬಾಯಿಯ ಸಾಧನಕ್ಕೆ ಅಳತೆ ಕೊಡುವುದು. ಅದು ತಯಾರಾಗಿ, ಸ್ವಲ್ಪ ಸ್ವಲ್ಪವೇ ಮುಂದೆ ಸರಿಸಿ, ಮರುಪರೀಕ್ಷೆ ಆಗುವಷ್ಟರಲ್ಲಿ ತಿಂಗಳುಗಳು ಬೇಕು. ಆಮ್ಲಜನಕ 84%ಕ್ಕೆ ಇಳಿಯುತ್ತಿರುವಾಗ ಅಷ್ಟು ದಿನ ಸುಮ್ನೆ ಕಾಯುವುದು ಸರಿಯಲ್ಲ. ಅಲ್ಲಿಯವರೆಗೆ ಸಿಪಾಪ್ ಹಾಕಿಕೊಳ್ಳುವುದು. ಸಾಧನ ಗೆದ್ದರೆ ಯಂತ್ರ ಬಿಡಬಹುದು. ಸೋತರೆ ಯಂತ್ರ ಅಭ್ಯಾಸವಾಗಿರುತ್ತದೆ. ಇಷ್ಟರ ನಡುವೆ ಹಗಲು ತೂಕಡಿಕೆ ಬರುತ್ತಿದ್ದರೆ ಗಾಡಿ ಓಡಿಸಬೇಡಿ. ಡಾಕ್ಟರಿಗೆ ಹೇಳದೆ ನಿದ್ದೆ ಮಾತ್ರೆ ನುಂಗಬೇಡಿ. ರಕ್ತದೊತ್ತಡ ಒಮ್ಮೆ ನೋಡಿಸಿ.

ತೂಕ ಇಳಿಸುವ ಸಲಹೆ ನಿಮಗಲ್ಲ. ಬೇರೆ ಓದುಗರಿಗಾಗಿ ಎರಡು ಮಾತು: ತೂಕ ಜಾಸ್ತಿ ಇರುವವರು 10% ಇಳಿಸಿದರೆ ತಡೆಗಳು ಸುಮಾರು ಕಾಲು ಭಾಗ ಕಡಿಮೆಯಾಗುತ್ತವೆ, ನಾಲಿಗೆಯೊಳಗಿನ ಕೊಬ್ಬು ಕರಗುವುದು ಅದಕ್ಕೊಂದು ಮುಖ್ಯ ಕಾರಣ. ನೀವು ಮಾಡಬೇಕಾದದ್ದು ಇಷ್ಟೇ, ಈಗಿನ ತೂಕ ಏರದಂತೆ ನೋಡಿಕೊಳ್ಳಿ. ಚಿಕ್ಕ ಪೆಟ್ಟಿಗೆಯಲ್ಲಿ ಸ್ವಲ್ಪ ಸಾಮಾನು ಸೇರಿದರೂ ಬೇಗ ಗೊತ್ತಾಗುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈ ಕಾಯಿಲೆ ಜೋರಾಗುವುದುಂಟು, ಆಗ ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಈಗ ದವಡೆ ಆಪರೇಷನ್. ಮೇಲಿನ, ಕೆಳಗಿನ ಎರಡೂ ದವಡೆಗಳನ್ನು ಕತ್ತರಿಸಿ ಸುಮಾರು 10 ಮಿಲಿಮೀಟರ್ ಮುಂದೆ ತಂದು ತಗಡು, ಸ್ಕ್ರೂ ಹಾಕಿ ಕೂರಿಸುತ್ತಾರೆ. ಪೆಟ್ಟಿಗೆಯನ್ನೇ ದೊಡ್ಡದು ಮಾಡುವ ಚಿಕಿತ್ಸೆ ಇದು. ಸರಿಯಾಗಿ ಆರಿಸಿದ ರೋಗಿಗಳಲ್ಲಿ ಸುಮಾರು 85% ಜನರಿಗೆ ಚೆನ್ನಾಗಿ ಗುಣ ಕಾಣುತ್ತದೆ. ತಡೆಗಳು ಗಂಟೆಗೆ 5ಕ್ಕಿಂತ ಕೆಳಗಿಳಿಯುವುದು ಸುಮಾರು 40% ಜನರಲ್ಲಿ. ಅಂಗುಳದ ಆಪರೇಷನ್‌ಗಿಂತ ಇದು ಬಹಳ ಮೇಲು. ಆದರೆ ಇದು ದೊಡ್ಡ ಆಪರೇಷನ್. ಕೆಳತುಟಿ ಮತ್ತು ಗದ್ದದ ಸ್ಪರ್ಶ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ, ಕೆಲವರಿಗೆ ಶಾಶ್ವತವಾಗಿ. ಹಲ್ಲು ಕಚ್ಚುವ ರೀತಿ ಕೆಡಬಹುದು. ಮುಖ ಬದಲಾಗುತ್ತದೆ. ಗದ್ದ ಹಿಂದಿರುವವರಿಗೆ ಆ ಬದಲಾವಣೆ ಹೆಚ್ಚಾಗಿ ಇಷ್ಟವೇ ಆಗುತ್ತದೆ, ಆದರೂ ಕನ್ನಡಿಯಲ್ಲಿ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಸಮಯ ಹಿಡಿಯುತ್ತದೆ. ವಿಡಿಯೋಗಳಲ್ಲಿ ಹೇಳಿದ ಹಾಗೆ ಇದು ಒಂದೇ ದಾರಿಯಲ್ಲ. ಹಾಗೆಂದು ನಿಮ್ಮಂಥ ರಚನೆಯವರಿಗೆ ಹುಚ್ಚು ಯೋಚನೆಯೂ ಅಲ್ಲ. ಬಾಯಿಯ ಸಾಧನ ಒಂದು ರೀತಿಯಲ್ಲಿ ಇದರ ತಾಲೀಮು. ಕೆಳದವಡೆ ಮುಂದೆ ಬಂದರೆ ನಿಮಗೆ ಎಷ್ಟು ಉಪಯೋಗ ಎಂದು ಅದರಲ್ಲೇ ಗೊತ್ತಾಗುತ್ತದೆ. ಹಾಗಾಗಿ ಮೊದಲು ಅದು.

ನಾಲಿಗೆಯ ನರವನ್ನು ಪ್ರಚೋದಿಸುವ, ಎದೆಯ ಚರ್ಮದಡಿ ಕೂರಿಸುವ ಸಾಧನವೂ ಇದೆ. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಸಿಪಾಪ್ ತಾಳಲಾಗದವರಿಗೆ ಅದು. ನಿಮ್ಮ ಸರದಿ ಅಲ್ಲಿಯವರೆಗೆ ಹೋಗಲಿಕ್ಕಿಲ್ಲ.

ಮಗನ ವಿಷಯ

ಗದ್ದ, ಅಂಗುಳದ ಆಕಾರ ಅಮ್ಮನಿಂದ ಬರಬಹುದು. ಕಾಯಿಲೆಯೂ ಬಂದೇ ಬರುತ್ತದೆ ಎಂದಲ್ಲ. ಏಳು ವರ್ಷದ ಮಗುವಿನಲ್ಲಿ ಮೊದಲು ನೋಡಬೇಕಾದ್ದು ಮೂಳೆಯನ್ನಲ್ಲ, ಟಾನ್ಸಿಲ್ ಮತ್ತು ಮೂಗಿನ ಹಿಂದಿರುವ ಅಡಿನಾಯ್ಡ್. ಈ ವಯಸ್ಸಿನಲ್ಲಿ ಗಂಟಲಿನ ಅಳತೆಗೆ ಹೋಲಿಸಿದರೆ ಇವು ದೊಡ್ಡದಾಗೇ ಇರುತ್ತವೆ. ಮೂಗು ಕಟ್ಟಿದ ಮಗು ಬಾಯಲ್ಲಿ ಉಸಿರಾಡುತ್ತದೆ, ನಾಲಿಗೆ ಅಂಗುಳ ಬಿಟ್ಟು ಕೆಳಗಿಳಿಯುತ್ತದೆ. ಹಾಗೇ ವರ್ಷಗಳು ಕಳೆದರೆ ಮೇಲ್ದವಡೆ ಕಿರಿದಾಗಿ, ಮುಖ ಉದ್ದವಾಗಿ ಬೆಳೆಯುವುದುಂಟು. ನಿಮ್ಮ ಬೆಳವಣಿಗೆ ಮುಗಿದಿದೆ, ಅವನದ್ದು ನಡೆಯುತ್ತಿದೆ. ಅವನ ವಿಷಯ ಬೇರೆ ಎಂದು ಆಗಲೇ ಹೇಳಿದ್ದು ಇದಕ್ಕೇ.

ಮಕ್ಕಳಲ್ಲಿ ಲೆಕ್ಕ ಬಿಗಿ. ಗಂಟೆಗೆ ಒಂದು ತಡೆ ಬಂದರೂ ನಾವು ಗಮನಿಸುತ್ತೇವೆ. ಹಗಲು ಅವರು ತೂಕಡಿಸುವುದೂ ಕಡಿಮೆ. ಬದಲಿಗೆ ಚಡಪಡಿಕೆ, ಸಿಟ್ಟು, ಪಾಠದಲ್ಲಿ ಗಮನ ನಿಲ್ಲದಿರುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಕತ್ತು ಹಿಂದಕ್ಕೆ ಚಾಚಿ ಮಲಗುವುದು. ಕಾಯಿಲೆ ಇದ್ದು ಟಾನ್ಸಿಲ್ ದೊಡ್ಡದಾಗಿದ್ದರೆ ಅದನ್ನೂ ಅಡಿನಾಯ್ಡನ್ನೂ ತೆಗೆಯುವುದು ಮೊದಲ ಚಿಕಿತ್ಸೆ. ಹಾಗೆಂದು ಎಲ್ಲ ಮಕ್ಕಳಿಗೂ ಆತುರ ಬೇಕಿಲ್ಲ. 5ರಿಂದ 9 ವರ್ಷದ ಮಕ್ಕಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ಆದವರಲ್ಲಿ 79% ಮಕ್ಕಳ ಪರೀಕ್ಷೆ ಏಳು ತಿಂಗಳಲ್ಲಿ ಸರಿಯಾಗಿತ್ತು. ಸುಮ್ನೆ ಕಾದು ನೋಡಿದವರಲ್ಲೂ 46% ಮಕ್ಕಳದ್ದು ತಾನಾಗಿಯೇ ಸರಿಹೋಗಿತ್ತು. ಆಮ್ಲಜನಕ ತೀರ ಇಳಿಯುತ್ತಿದ್ದ ಮಕ್ಕಳನ್ನು ಅದರಲ್ಲಿ ಸೇರಿಸಿರಲಿಲ್ಲ ಎನ್ನುವುದೂ ನೆನಪಿರಲಿ. ಅಂಗುಳ ನಿಜವಾಗಿ ಕಿರಿದಾಗಿದ್ದರೆ, ಈ ವಯಸ್ಸಿನಲ್ಲಿ ಅದರ ನಡುಬೆಸುಗೆ (ಎಡಬಲದ ಮೂಳೆಗಳು ಸೇರುವ ಗೆರೆ) ಇನ್ನೂ ಕೂಡಿರುವುದಿಲ್ಲ. ನಿಧಾನಕ್ಕೆ ಅಗಲ ಮಾಡುವ ಸಾಧನ ಹಾಕಬಹುದು. ನಿಮ್ಮ ವಯಸ್ಸಿನಲ್ಲಿ ಅಷ್ಟು ಸುಲಭವಿಲ್ಲ.

ಈ ವಾರ ಒಂದು ಕೆಲಸ ಮಾಡಿ. ಅವನು ಗಾಢ ನಿದ್ದೆಯಲ್ಲಿರುವಾಗ ಹೊದಿಕೆ ಎದೆಯ ಕೆಳಗೆ ಸರಿಸಿ, ಮುಖ ಮತ್ತು ಎದೆ ಎರಡೂ ಕಾಣುವಂತೆ, ಸದ್ದೂ ಕೇಳುವಂತೆ, ಎರಡು ಮೂರು ನಿಮಿಷ ಮೊಬೈಲಿನಲ್ಲಿ ವಿಡಿಯೋ ಮಾಡಿ. ಬೆಳಗಿನ ಜಾವ ಇನ್ನೊಂದು. ಉಸಿರೆಳೆಯುವಾಗ ಎದೆ ಒಳಕ್ಕೆ ಹೋಗುತ್ತದೆಯೇ, ಗೊರಕೆ ನಡುವೆ ನಿಲ್ಲುತ್ತದೆಯೇ ನೋಡಿ. ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋದಾಗ ಬಾಯಿಮಾತಿಗಿಂತ ಮೊದಲು ಅದನ್ನು ತೋರಿಸಿ.